ಹಾಸಿಗೆ ಹಿಡಿದವರ ಮನೆಗೆ ಇಗರ್ಜಿಯಿಂದ ಹೋಗುವವರಿಗೆ ಹಂತ ಹಂತದ ಮಾರ್ಗದರ್ಶಿ

ತಪಸ್ಸುಕಾಲ (ಈಸ್ಟರಿಗೆ ಮುಂಚಿನ ಉಪವಾಸ, ಪ್ರಾರ್ಥನೆಯ ದಿನಗಳು) ಹತ್ತಿರ ಬಂತೆಂದರೆ ಕುಂಬಳೆ, ಬೇಳ, ಕಯ್ಯಾರು, ವರ್ಕಾಡಿ, ಮಂಜೇಶ್ವರ ಕಡೆಯ ಓದುಗರು ಒಂದೇ ಪ್ರಶ್ನೆ ಕೇಳುತ್ತಾರೆ: "ನಮ್ಮ ಇಗರ್ಜಿಯಲ್ಲೂ ರೋಗಿಗಳ ಭೇಟಿ ಶುರು ಮಾಡಬೇಕು, ಎಲ್ಲಿಂದ ಹಿಡಿಯುವುದು?" ಉತ್ಸಾಹಕ್ಕೆ ಎಲ್ಲೂ ಬರ ಇಲ್ಲ. ಈಸ್ಟರ್ ಕಳೆದು ಮಳೆ ಹಿಡಿಯುವಷ್ಟರಲ್ಲಿ ಭೇಟಿ ನಿಂತೇಹೋಗಿರುತ್ತದೆ, ತೊಂದರೆ ಇರುವುದು ಅಲ್ಲಿ. ಜೂನ್‌ನಲ್ಲೂ ನಿಲ್ಲದ ಹಾಗೆ ಈ ಕೆಲಸವನ್ನು ಕಟ್ಟುವುದು ಹೇಗೆ ಎಂಬುದನ್ನು ಇಲ್ಲಿ ಬರೆದಿದ್ದೇವೆ. ಕಾಸರಗೋಡು, ಮಂಜೇಶ್ವರ ತಾಲೂಕುಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಬೇರೆ ಕಡೆಯವರು ಸರಕಾರಿ ವ್ಯವಸ್ಥೆಯ ಭಾಗವನ್ನು ತಮ್ಮ ಊರಿಗೆ ತಕ್ಕಂತೆ ಹೊಂದಿಸಿಕೊಳ್ಳಿ.

ಮೊದಲು ಇಷ್ಟು ತಿಳಿದಿರಲಿ

ಇದು ಸಂಘಸಂಸ್ಥೆಗಳ ಸಮಾಜಸೇವೆಯ ನಕಲು ಅಲ್ಲ, ಧರ್ಮಸಭೆಯ ಹಳೆಯ ಕೆಲಸ. ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದಲ್ಲಿ (ವಚನ 35, 36) ಹಸಿದವನಿಗೆ ಊಟ, ಬಾಯಾರಿದವನಿಗೆ ನೀರು ಕೊಡುವುದರ ಸಾಲಿನಲ್ಲೇ ರೋಗಿಯನ್ನು ನೋಡಲು ಹೋಗುವುದೂ ಬರುತ್ತದೆ. ದೇಹಕ್ಕೆ ಸಂಬಂಧಿಸಿದ ಏಳು ಕರುಣೆಯ ಕಾರ್ಯಗಳಲ್ಲಿ ಇದೂ ಒಂದು. ಉಡಲು ಉಣ್ಣಲು ಇಲ್ಲದವನಿಗೆ 'ಸುಖವಾಗಿ ಹೋಗು' ಎಂದು ಬಾಯಲ್ಲಿ ಹೇಳಿ ಕಳಿಸಿದರೆ ಏನು ಬಂತು ಎಂದು ಯಕೋಬನ ಪತ್ರದ ಎರಡನೇ ಅಧ್ಯಾಯ ನೇರವಾಗಿಯೇ ಕೇಳುತ್ತದೆ.

ಜೋಡಿಯಾಗಿ ಮನೆಗೆ ಹೋಗುವ ಪದ್ಧತಿಯನ್ನು ಬಳಕೆಗೆ ತಂದವರಲ್ಲಿ ಮುಖ್ಯನಾದವನು ಫ್ರೆಡ್ರಿಕ್ ಓಜಾನಾಂ. 1833ರಲ್ಲಿ, ತನಗಿನ್ನೂ ಇಪ್ಪತ್ತು ವರ್ಷ ಇರುವಾಗ, ಪ್ಯಾರಿಸ್ಸಿನಲ್ಲಿ ಗೆಳೆಯರನ್ನು ಕೂಡಿಸಿಕೊಂಡು ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯನ್ನು ಆರಂಭಿಸಿದ. ಬಡವರ ಮನೆಗೆ ಹೇಗೆ ಹೋಗಬೇಕೆಂದು ಆ ಹುಡುಗರಿಗೆ ಕಲಿಸಿದವರು ಧರ್ಮಭಗಿನಿ ರೋಸಲಿ ರಾಂದ್ಯು. ನಿಮ್ಮ ಇಗರ್ಜಿಯಲ್ಲಿ ಆ ಸಭೆಯ ಘಟಕ ಇದ್ದರೆ ಹೊಸ ಸಂಘ ಕಟ್ಟಲು ಹೋಗಬೇಡಿ, ಅದರೊಳಗೇ ಸೇರಿಕೊಳ್ಳಿ. ಒಂದೇ ವಾಳೆಯಲ್ಲಿ (ಇಗರ್ಜಿಯ ವಾರ್ಡು) ಮೂರು ಸಂಘದವರು ಒಂದೇ ಅಜ್ಜಿಯ ಮನೆಗೆ ಹಣ್ಣಿನ ತೊಟ್ಟೆ ಹಿಡಿದುಕೊಂಡು ಹೋಗುವುದು, ಪಕ್ಕದ ಮನೆಗೆ ಒಬ್ಬರೂ ಹೋಗದಿರುವುದು ನಮ್ಮಲ್ಲಿ ಹೊಸದೇನಲ್ಲ.

ಹಂತ 1: ತಂಡ ಮತ್ತು ಲೆಕ್ಕಾಚಾರ

ಧರ್ಮಗುರುಗಳ ಒಪ್ಪಿಗೆಯನ್ನು ಮೊದಲೇ ಪಡೆಯಿರಿ, ಪಾಲನಾ ಮಂಡಳಿಯ ಸಭೆಯ ವರದಿ ಪುಸ್ತಕದಲ್ಲಿ ಬರೆಸಿ. ಧರ್ಮಗುರುಗಳು ವರ್ಗವಾಗಿ ಹೋದಾಗ ಹೊಸಬರಿಗೆ ತೋರಿಸಲು ಕೈಯಲ್ಲಿ ಕಾಗದ ಇರಬೇಕು.

ಎಂಟು ಜನ ಸಾಕು. ನಾಲ್ಕು ಜೋಡಿ, ಜೋಡಿಗೆ ನಾಲ್ಕು ಮನೆ, ವಾರಕ್ಕೆ ಎರಡು ಮನೆ. ಹೀಗೆ ಹದಿನಾರು ಮನೆಗಳಿಗೆ ಹದಿನೈದು ದಿನಕ್ಕೊಮ್ಮೆ ಭೇಟಿ ಆಗುತ್ತದೆ. ಮೂವತ್ತು ಜನ ಹೆಸರು ಕೊಟ್ಟರೆ ಹಿಗ್ಗಬೇಡಿ. ಎಂಟು ಜನರನ್ನು ಆರಿಸಿ, ಉಳಿದವರನ್ನು ವಾಹನ, ಬಟ್ಟೆ ಒಗೆತ, ಔಷಧಿ ತರುವುದು ಇಂಥ ಕೆಲಸಗಳಿಗೆ ಇಟ್ಟುಕೊಳ್ಳಿ. ಪ್ರತಿ ಜೋಡಿಯಲ್ಲಿ ಒಬ್ಬ ಹೆಂಗಸಾದರೂ ಇರಲಿ. ಹೆಂಗಸರ ಮೈ ಆರೈಕೆಗೆ ಗಂಡಸರು ಕೈ ಹಾಕುವುದು ಬೇಡ.

ಒಬ್ಬರೇ ಹೋಗಬಾರದು, ಯಾವ ಕಾರಣಕ್ಕೂ. ಮನೆಯಲ್ಲಿ ಮಕ್ಕಳು ಅಥವಾ ಬುದ್ಧಿಮಾಂದ್ಯತೆ ಇರುವವರು ಇದ್ದರೆ ಮನೆಯ ದೊಡ್ಡವರೊಬ್ಬರು ಎದುರಿಗಿರಬೇಕು, ಬಾಗಿಲು ತೆರೆದಿರಬೇಕು. ಇದು ರೋಗಿಗೂ ರಕ್ಷಣೆ, ನಿಮಗೂ ರಕ್ಷಣೆ.

ಹುಕ್ಕಿಯಲ್ಲಿ "ವಾರ ವಾರ ಬರುತ್ತೇವೆ" ಎಂದು ಮಾತು ಕೊಟ್ಟುಬಿಡಬೇಡಿ. ಹಾಸಿಗೆಯಲ್ಲಿರುವವರಿಗೆ ದಿನ ಎಣಿಸುವುದೇ ಕೆಲಸ. ಎರಡನೇ ಮಂಗಳವಾರ ಬರುತ್ತೇವೆಂದು ಹೇಳಿ ಬಾರದಿದ್ದರೆ, ಮೊದಲೇ ಹೋಗದಿದ್ದರೂ ಆಗುತ್ತಿತ್ತು. ತಿಂಗಳಿಗೊಮ್ಮೆ ಎಂದು ಹೇಳಿ ತಿಂಗಳಿಗೊಮ್ಮೆ ತಪ್ಪದೆ ಹೋಗುವವರೇ ಈ ಕೆಲಸಕ್ಕೆ ಬೇಕಾದವರು.

ಹಂತ 2: ಪಂಚಾಯತಿನ ಪಾಲಿಯೇಟಿವ್ ನರ್ಸ್‌ರನ್ನು ಕಾಣಿ

ಹೆಚ್ಚಿನ ಇಗರ್ಜಿ ತಂಡಗಳು ಬಿಟ್ಟುಬಿಡುವ ಹಂತ ಇದು. ಪಾಲಿಯೇಟಿವ್ ಆರೈಕೆ ಎಂದರೆ ರೋಗ ಪೂರ್ತಿ ವಾಸಿಯಾಗದಿದ್ದರೂ ನೋವು, ಉಬ್ಬಸ, ಹುಣ್ಣು, ಮನಸ್ಸಿನ ಕಳವಳ ಇವನ್ನು ತಗ್ಗಿಸಿ ಇರುವಷ್ಟು ದಿನ ನೆಮ್ಮದಿಯಾಗಿ ಇರಿಸುವ ಚಿಕಿತ್ಸೆ. ಕೇರಳದಲ್ಲಿ ಇದು 1993ರಲ್ಲಿ ಕೋಝಿಕೋಡಿನ ಒಂದು ಸಣ್ಣ ಕ್ಲಿನಿಕ್ಕಿನಿಂದ ಬೆಳೆದು ಬಂದದ್ದು. 2008ರಲ್ಲಿ ರಾಜ್ಯ ಸರಕಾರ ಇದಕ್ಕೆ ನೀತಿಯನ್ನೇ ರೂಪಿಸಿತು. ಹಾಗಾಗಿ ಇಲ್ಲಿ ಗ್ರಾಮ ಪಂಚಾಯತುಗಳು ಆರೋಗ್ಯ ಕೇಂದ್ರದ ಮೂಲಕ ಮನೆಮನೆಗೆ ಹೋಗುವ ಪಾಲಿಯೇಟಿವ್ ನರ್ಸ್‌ರನ್ನು ಇಟ್ಟಿವೆ. ಗಾಯ ಕಟ್ಟುವುದು, ಮೂತ್ರದ ನಳಿಗೆ ಬದಲಾಯಿಸುವುದು, ಮೂಗಿನ ನಳಿಗೆ ಹಾಕುವುದು ಎಲ್ಲ ಅವರ ಕೆಲಸ.

ನೀವು ಮಾಡಬೇಕಾದ್ದು: ಕುಟುಂಬ ಆರೋಗ್ಯ ಕೇಂದ್ರಕ್ಕೆ ಹೋಗಿ ನರ್ಸ್‌ ಮತ್ತು ಆ ವಾರ್ಡಿನ ಆಶಾ ಕಾರ್ಯಕರ್ತೆಯನ್ನು ಭೇಟಿಯಾಗಿ. ನಿಮ್ಮ ಪಟ್ಟಿಯ ರೋಗಿಗಳು ಪಾಲಿಯೇಟಿವ್‌ಗೆ ಹೆಸರು ನೋಂದಾಯಿಸಿದ್ದಾರೆಯೇ ನೋಡಿ, ಇಲ್ಲದಿದ್ದರೆ ಮಾಡಿಸಿ. ಸ್ವಯಂಸೇವಕರಿಗೆ ತರಬೇತಿ ಯಾವಾಗ ಇದೆ ಎಂದು ಕೇಳಿ, ಎಂಟೂ ಜನ ಹೋಗಿ. ನರ್ಸ್ ಬರುವ ವಾರ ಬಿಟ್ಟು ಮುಂದಿನ ವಾರ ನೀವು ಹೋಗುವ ಹಾಗೆ ದಿನ ಹೊಂದಿಸಿಕೊಂಡರೆ ಮನೆಯವರಿಗೆ ಇಬ್ಬರ ಪ್ರಯೋಜನವೂ ಸಿಗುತ್ತದೆ.

ಭಾಷೆಯ ವಿಷಯದಲ್ಲಿ ನಮ್ಮವರಿಂದ ದೊಡ್ಡ ಉಪಕಾರ ಆಗುವುದೂ ಇಲ್ಲೇ. ನರ್ಸ್ ಮಲಯಾಳದಲ್ಲಿ ಹೇಳಿದ್ದು ಕೊಂಕಣಿ, ತುಳು ಮಾತ್ರ ಬಲ್ಲ ಅಜ್ಜಿಗೆ ಅರ್ಧವೂ ಮುಟ್ಟಿರುವುದಿಲ್ಲ. ಡಿಸ್ಚಾರ್ಜ್ ಚೀಟಿ ಮಂಗಳೂರಿನ ಆಸ್ಪತ್ರೆಯದು, ಇಂಗ್ಲಿಷಿನಲ್ಲಿ. ಮಾತ್ರೆ ಯಾವುದು ಯಾವಾಗ ಎಂಬುದನ್ನು ನರ್ಸ್ ಎದುರಿಗೇ ದೊಡ್ಡ ಕನ್ನಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಓದಲು ಬಾರದವರಿಗೆ ಬೆಳಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ ಬಿಡಿಸಿ, ಖಾಲಿ ಮಾತ್ರೆ ಹಾಳೆಯ ತುಂಡನ್ನು ಪಕ್ಕಕ್ಕೆ ಅಂಟಿಸಿ. ಬರೆದದ್ದನ್ನು ನರ್ಸ್ ಒಮ್ಮೆ ನೋಡಿ ಸರಿ ಎಂದ ಮೇಲೆ ಮಾತ್ರ ಅಂಟಿಸುವುದು.

ಹಂತ 3: ಪಟ್ಟಿ

ಪ್ರತಿ ವಾಳೆಯ ಗುರ್ಕಾರರಿಂದ (ವಾಳೆಯ ಮುಖ್ಯಸ್ಥರು) ಹೆಸರು ತೆಗೆದುಕೊಳ್ಳಿ. ಎರಡನೇ ಮೂಲ ಆಶಾ ಕಾರ್ಯಕರ್ತೆ. ಗುರ್ಕಾರರಿಗೆ ಇಗರ್ಜಿಗೆ ಬರುವವರ ಪರಿಚಯ ಇರುತ್ತದೆ, ಬರುವುದನ್ನು ಬಿಟ್ಟವರು ಆಶಾಳ ಪುಸ್ತಕದಲ್ಲಿರುತ್ತಾರೆ. ಮನಸ್ತಾಪದಿಂದ ದೂರವಾದ ಮನೆಗಳು, ವಂತಿಗೆ ಬಾಕಿ ಇರುವ ಮನೆಗಳು, ಮಕ್ಕಳು ಗಲ್ಫಿನಲ್ಲಿದ್ದು ಮುದುಕರಿಬ್ಬರೇ ಇರುವ ದೊಡ್ಡ ತಾರಸಿ ಮನೆಗಳು ಪಟ್ಟಿಯಿಂದ ಜಾರುವುದು ಹೆಚ್ಚು. ದುಡ್ಡಿದ್ದ ಮನೆಗೆ ಭೇಟಿ ಬೇಡ ಎಂದು ನೀವೇ ತೀರ್ಮಾನಿಸಬೇಡಿ.

ರೋಗಿಯ ಅಥವಾ ಮನೆಯವರ ಒಪ್ಪಿಗೆ ಇಲ್ಲದೆ ರೋಗದ ಹೆಸರನ್ನು ಪ್ರಾರ್ಥನಾ ಸಭೆಯಲ್ಲಿ, ವಾಟ್ಸಾಪಿನಲ್ಲಿ, ಬಲಿಪೂಜೆಯ (ಇಗರ್ಜಿಯ ಪೂಜೆ) ಪ್ರಕಟಣೆಯಲ್ಲಿ ಹೇಳಬಾರದು. "ಅವರಿಗಾಗಿ ಪ್ರಾರ್ಥಿಸೋಣ" ಎಂಬ ನೆಪದಲ್ಲೇ ನಮ್ಮಲ್ಲಿ ಎಷ್ಟೋ ಗುಟ್ಟುಗಳು ಊರಾಡುತ್ತವೆ. ಫೋಟೊ ಸಂಪೂರ್ಣ ನಿಷೇಧ. ವಾರ್ಷಿಕ ವರದಿಗೆ ಬೇಕಾದರೆ ಚೀಲದ ಫೋಟೊ ಹಾಕಿ.

ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರು ಕಡೆ ಕೆಲಸ ಮಾಡುವವರು ಎಂಡೋಸಲ್ಫಾನ್ ಪೀಡಿತರ ಮನೆಗಳಿಗೆ ಹೋಗಬೇಕಾಗುತ್ತದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಈ ಕೀಟನಾಶಕ ವಿಷವನ್ನು ಎರಡು ದಶಕಕ್ಕೂ ಹೆಚ್ಚು ಕಾಲ, 2000ದ ವರೆಗೆ ಸಿಂಪಡಿಸಲಾಯಿತು. ಆ ಮನೆಗಳಿಗೆ ಕ್ಯಾಮರಾ ಹಿಡಿದುಕೊಂಡು ಬಂದು ಹೋದವರಿಗೆ ಲೆಕ್ಕ ಇಲ್ಲ. ಮನೆಯವರು ಮೊದಲು ನಿಮ್ಮನ್ನೂ ಅದೇ ಗುಂಪಿಗೆ ಸೇರಿಸಿದರೆ ಬೇಸರ ಮಾಡಿಕೊಳ್ಳಬೇಡಿ. ಮೂರನೇ, ನಾಲ್ಕನೇ ಸಲ ಹೋದ ಮೇಲೆ ಮಾತು ಬರುತ್ತದೆ.

ಹಂತ 4: ಚೀಲದಲ್ಲಿ ಏನಿರಬೇಕು

ಜೋಡಿಗೊಂದು ಬಟ್ಟೆ ಚೀಲ: ಕೈಗವಸು ಹತ್ತು ಜೊತೆ, ಸೋಪು, ಸ್ವಂತ ಕೈವಸ್ತ್ರ, ಹತ್ತಿ, ಗಾಜ್ ಬಟ್ಟೆ (ಗಾಯಕ್ಕೆ ಕಟ್ಟುವ ತೆಳು ಬಟ್ಟೆ), ಥರ್ಮಾಮೀಟರು, ಟಾರ್ಚು, ಬಾಚಣಿಗೆ, ಒಗೆದು ಬಿಸಿಲಿಗೆ ಒಣಗಿಸಿದ ಹಳೆಯ ಹತ್ತಿ ಬೆಡ್‌ಶೀಟು ಎರಡು, ನೋಟ್‌ಪುಸ್ತಕ, ಪೆನ್ನು. ಜಪಸರ ನಿಮ್ಮ ಕಿಸೆಯಲ್ಲಿರಲಿ.

ಮಾತ್ರೆ ಒಂದೂ ಬೇಡ. ಪ್ಯಾರಸಿಟಮಾಲ್ ಕೂಡ ಬೇಡ. ಯಾರ ಯಕೃತ್ತು (ಲಿವರ್) ಹೇಗಿದೆ, ಯಾರು ಏನು ನುಂಗುತ್ತಿದ್ದಾರೆ ಎಂಬುದು ನಿಮಗೆ ಗೊತ್ತಿರುವುದಿಲ್ಲ. ನೇಲ್‌ಕಟರನ್ನೂ ಸಕ್ಕರೆ ಕಾಯಿಲೆಯವರ ಕಾಲಿಗೆ ತಾಗಿಸಬೇಡಿ, ಸಣ್ಣ ಗಾಯವೇ ಕಾಲು ತೆಗೆಯುವವರೆಗೆ ಹೋದೀತು.

ಹಂತ 5: ಮೊದಲ ಭೇಟಿ

ಹಿಂದಿನ ದಿನ ಫೋನ್ ಮಾಡಿ. ಬೆಳಗ್ಗೆ ಹತ್ತರಿಂದ ಹನ್ನೊಂದೂವರೆ, ಸಂಜೆ ನಾಲ್ಕರಿಂದ ಐದೂವರೆ ಒಳ್ಳೆಯ ಹೊತ್ತು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಸೋಪಿನಲ್ಲಿ ಕೈ ತೊಳೆದೇ ಒಳಗೆ ಹೋಗಿ. ನಿಂತುಕೊಂಡು ಮಾತಾಡಬೇಡಿ, ಮುಖ ಕಾಣುವ ಎತ್ತರಕ್ಕೆ ಕುರ್ಚಿ ಎಳೆದು ಕುಳಿತುಕೊಳ್ಳಿ. ಹಾಸಿಗೆಯ ಮೇಲೆ ಕೂರಬೇಡಿ, ನೋವಿರುವವರಿಗೆ ಹಾಸಿಗೆ ಅಲುಗಿದರೂ ಹಿಂಸೆ.

ರೋಗಿಯನ್ನು ಊರಲ್ಲಿ ಕರೆಯುವ ಹಾಗೇ ಕರೆಯಿರಿ. ಅಜ್ಜಿ, ಬಾಯಮ್ಮ, ಅಣ್ಣ, ಮಾಸ್ಟ್ರು, ಏನಿದೆಯೋ ಅದು. ಅವರ ಎದುರಿಗೇ ಅವರ ಬಗ್ಗೆ ಮನೆಯವರ ಹತ್ತಿರ "ಇವರು ಊಟ ಮಾಡುತ್ತಾರಾ" ಎಂದು ಕೇಳುವ ದುರಭ್ಯಾಸ ನಮ್ಮಲ್ಲಿ ಬಹಳ. ಅವರನ್ನೇ ಕೇಳಿ. ಮಾತು ಬಾರದವರಾದರೂ ಅವರ ಮುಖ ನೋಡಿಯೇ ಕೇಳಿ.

ಮೊದಲ ಭೇಟಿ ನಲವತ್ತೈದು ನಿಮಿಷ ದಾಟದಿರಲಿ. ಹೊರಡುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: "ನಾವು ಮುಂದಿನ ಸಲ ಬಂದಾಗ ಯಾವ ಕೆಲಸ ಮಾಡಿದರೆ ನಿಮಗೆ ಉಪಕಾರ?" ಉತ್ತರ ನೀವು ಊಹಿಸಿದ್ದಾಗಿರುವುದಿಲ್ಲ. ಹಣ್ಣು ತರಲು ಹೊರಟವರಿಗೆ "ಒದ್ದೆ ಚಾಪೆ ಒಣಗಿಸಿ ಕೊಡಿ" ಎಂಬ ಉತ್ತರ ಬಂದೀತು.

ಹೇಳಬಾರದ ಮಾತುಗಳೂ ಇವೆ. "ದೇವರ ಚಿತ್ತ", "ಇದಕ್ಕಿಂತ ಕಷ್ಟದವರಿದ್ದಾರೆ", "ನಮ್ಮ ಚಿಕ್ಕಪ್ಪನಿಗೂ ಇದೇ ಕಾಯಿಲೆ, ಮೂರು ತಿಂಗಳಲ್ಲಿ ಹೋದರು". "ಇಂಥ ಕಡೆ ಧ್ಯಾನಕೂಟಕ್ಕೆ ಹೋದರೆ ವಾಸಿಯಾಗುತ್ತದೆ, ಮಾತ್ರೆ ಬಿಡಿ" ಎನ್ನುವವರನ್ನು ತಂಡದಿಂದಲೇ ಬಿಡಿಸಿ. ಪ್ರಾರ್ಥನೆಗೂ ಔಷಧಿಗೂ ಧರ್ಮಸಭೆಯಲ್ಲಿ ಜಗಳವೇ ಇಲ್ಲ. ಕಂಕನಾಡಿಯಲ್ಲಿ 1880ರಲ್ಲಿ ಔಷಧಾಲಯದ ಕೆಲಸ ಆರಂಭಿಸಿದ ಆಗುಸ್ಟಸ್ ಮುಲ್ಲರ್ ಜೆಸುಯಿಟ್ ಧರ್ಮಗುರುವೇ ತಾನೆ.

ಹಂತ 6: ಮೈಯ ಆರೈಕೆ

ತರಬೇತಿ ಆಗುವವರೆಗೆ ಇದನ್ನು ನರ್ಸ್ ಅಥವಾ ಮನೆಯವರ ಜೊತೆ ಸೇರಿಯೇ ಮಾಡಿ.

*ಒತ್ತುಹುಣ್ಣು.* ಒಂದೇ ಮಗ್ಗುಲಲ್ಲಿ ಮಲಗಿದಾಗ ಎಲುಬು ಮತ್ತು ಹಾಸಿಗೆಯ ನಡುವೆ ಚರ್ಮ ಸಿಕ್ಕಿ ರಕ್ತ ಓಡದೆ ಸಾಯುವುದರಿಂದ ಬರುವ ಹುಣ್ಣು ಇದು. ಬಾಲದೆಲುಬು, ಹಿಮ್ಮಡಿ, ಸೊಂಟದ ಎರಡು ಬದಿ, ಕಾಲಿನ ಗಂಟು, ಭುಜದ ಹಿಂಬದಿ, ತಲೆಯ ಹಿಂಬದಿ, ಇಷ್ಟು ಜಾಗವನ್ನು ಪ್ರತಿ ಸಲ ಟಾರ್ಚ್ ಹಾಕಿ ನೋಡಿ. ಕೆಂಪಾದಲ್ಲಿ ಬೆರಳಿನಿಂದ ಒತ್ತಿ ಬಿಡಿ. ಒತ್ತಿದಾಗ ಬಿಳಿಚಿಕೊಂಡು ಮತ್ತೆ ಕೆಂಪಾದರೆ ಇನ್ನೂ ಸಮಯ ಇದೆ, ಒತ್ತಿದರೂ ಬಣ್ಣ ಬದಲಾಗದಿದ್ದರೆ ಹುಣ್ಣು ಶುರುವಾಗಿದೆ, ಅಂದೇ ನರ್ಸ್‌ಗೆ ತಿಳಿಸಿ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದು. ಸುತ್ತಲಿನ ಚರ್ಮಕ್ಕಿಂತ ಬಿಸಿ, ಗಟ್ಟಿ ಅಥವಾ ಹೆಚ್ಚು ಕಪ್ಪಾಗಿದೆಯೇ ಎಂದು ಮುಟ್ಟಿ ನೋಡಿ.

ತಡೆಯುವ ದಾರಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸುವುದು. ಪೂರ್ತಿ ಬದಿಗೆ ಹೊರಳಿಸಿದರೆ ಸೊಂಟದ ಎಲುಬಿನ ಮೇಲೆ ಭಾರ ಬೀಳುತ್ತದೆ, ಆದ್ದರಿಂದ ಬೆನ್ನಿಗೆ ದಿಂಬು ಕೊಟ್ಟು ಅರೆ ವಾಲಿದ ಹಾಗೆ ಮಲಗಿಸಿ. ಮೊಣಕಾಲುಗಳ ನಡುವೆ ತೆಳು ದಿಂಬು. ಮೀನಖಂಡದ ಕೆಳಗೆ ಇನ್ನೊಂದು ದಿಂಬು ಇಟ್ಟು ಹಿಮ್ಮಡಿ ಗಾಳಿಯಲ್ಲಿರುವಂತೆ ಮಾಡಿ. ಮೇಲಕ್ಕೆ ಸರಿಸುವಾಗ ಕಂಕುಳಿಗೆ ಕೈ ಹಾಕಿ ಎಳೆಯಬೇಡಿ, ಚರ್ಮ ಕಿತ್ತುಹೋಗುತ್ತದೆ. ಬೆಡ್‌ಶೀಟನ್ನು ನಾಲ್ಕಾಗಿ ಮಡಚಿ ಭುಜದಿಂದ ತೊಡೆಯವರೆಗೆ ಕೆಳಗೆ ಹಾಸಿ, ಇಬ್ಬರೂ ಎರಡು ಬದಿಯಿಂದ ಹಿಡಿದು ಎತ್ತಿ ಸರಿಸಿ.

ತಪ್ಪುಗಳು: ಕೆಂಪಾದ ಜಾಗವನ್ನು ಎಣ್ಣೆ ಹಾಕಿ ತಿಕ್ಕುವುದು (ಒಳಗೆ ಹಾಳಾದದ್ದು ಮತ್ತಷ್ಟು ಹರಿಯುತ್ತದೆ), ನಡುವೆ ತೂತಿರುವ ರಬ್ಬರ್ ರಿಂಗ್ ಇಡುವುದು (ಅಂಚಿನಲ್ಲಿ ಒತ್ತಡ ಹೆಚ್ಚುತ್ತದೆ), ಹುಣ್ಣಿಗೆ ಅರಸಿನ, ಡೆಟಾಲ್, ಪೌಡರು ಹಾಕುವುದು.

ಏರ್‌ಬೆಡ್ (ಪಂಪಿನಿಂದ ಗಾಳಿ ತುಂಬುವ ಹಾಸಿಗೆ) ದಾನ ಕೊಡುವವರು ಬಹಳ, ಬಳಸುವ ಕ್ರಮ ಹೇಳಿಕೊಡುವವರು ಕಡಿಮೆ. ಅದನ್ನು ಹಾಸಿದ ಮೇಲೂ ಮಗ್ಗುಲು ಬದಲಾಯಿಸಲೇಬೇಕು. ಸೊಂಟದ ಕೆಳಗೆ, ಏರ್‌ಬೆಡ್ಡಿನ ಅಡಿಗೆ ಅಂಗೈ ಹಾಕಿ ನೋಡಿ. ಎಲುಬು ಕೈಗೆ ತಾಗಿದರೆ ಗಾಳಿ ಸಾಲದು. ಮೇಲೆ ದಪ್ಪ ಕಂಬಳಿ, ರಬ್ಬರ್ ಶೀಟು ಎಲ್ಲ ಹೇರಿದರೆ ಏರ್‌ಬೆಡ್ ಇದ್ದೂ ಇಲ್ಲದ ಹಾಗೆ, ತೆಳು ಹತ್ತಿ ಬಟ್ಟೆ ಒಂದು ಸಾಕು. ಮಳೆಗಾಲದಲ್ಲಿ ಗಂಟೆಗಟ್ಟಲೆ ಕರೆಂಟು ಹೋಗುವ ನಮ್ಮ ಊರಿಗೆ ಪಂಪು ನಿಂತಾಗ ಏನು ಮಾಡಬೇಕೆಂದು ಮನೆಯವರಿಗೆ ಮೊದಲೇ ಹೇಳಿರಿ: ಗಾಳಿ ಇಳಿಯತೊಡಗಿದರೆ ಮಾಮೂಲು ಹಾಸಿಗೆಗೆ ಬದಲಿಸಿ, ಮಗ್ಗುಲು ಇನ್ನೂ ಬೇಗ ಬೇಗ ಬದಲಾಯಿಸುವುದು. ಹಾಗಾಗಿ ಹಳೆಯ ಹತ್ತಿ ಹಾಸಿಗೆಯನ್ನು ಎಸೆಯಲು ಬಿಡಬೇಡಿ.

*ಬಾಯಿ.* ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು. ಗಾಜ್ ಬಟ್ಟೆಯನ್ನು ಬೆರಳಿಗೆ ಸುತ್ತಿ ಅದ್ದಿ, ಹಿಂಡಿ, ಒಸಡು, ನಾಲಿಗೆ, ಕೆನ್ನೆಯ ಒಳಬದಿ ಒರೆಸಿ. ಬಿಳಿ ಪದರ ಒರೆಸಿದರೂ ಹೋಗದಿದ್ದರೆ ಅದು ಸೋಂಕಿರಬಹುದು, ನರ್ಸ್‌ಗೆ ಹೇಳಿ. ಹಲ್ಲಿನ ಸೆಟ್ ಇದ್ದರೆ ಮೊದಲು ತೆಗೆಯಿರಿ.

*ಊಟ.* ಮಲಗಿಸಿಕೊಂಡು ಗಂಜಿ ಹೊಯ್ಯುವುದು ಅತಿ ಅಪಾಯದ ಅಭ್ಯಾಸ. ಅನ್ನನಾಳಕ್ಕೆ ಹೋಗಬೇಕಾದದ್ದು ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ. ಬೆನ್ನಿಗೆ ದಿಂಬು ಕೊಟ್ಟು ಕುಳ್ಳಿರಿಸಿ, ಗಲ್ಲ ಸ್ವಲ್ಪ ಕೆಳಗಿರಲಿ, ಅರ್ಧ ಚಮಚ ಕೊಟ್ಟು ನುಂಗಿದ್ದು ನೋಡಿ ಮುಂದಿನದು. ಮುಗಿದ ಮೇಲೂ ಅರ್ಧ ಗಂಟೆ ಹಾಗೇ ಕೂತಿರಬೇಕು. ತೆಳ್ಳಗಿನ ನೀರಿಗಿಂತ ಕುಚ್ಚಲಕ್ಕಿ ಗಂಜಿಯನ್ನು ನುಣ್ಣಗೆ ಅರೆದು ಮಂದವಾಗಿ ಕೊಟ್ಟರೆ ಕೆಲವರಿಗೆ ನುಂಗುವುದು ಸುಲಭ. ಕೆಮ್ಮು ಬಂದರೆ, ದನಿ ಗೊರಗೊರ ಎಂದರೆ ಅಲ್ಲಿಗೇ ನಿಲ್ಲಿಸಿ. ಮೂಗಿನ ನಳಿಗೆಯಲ್ಲಿ ಊಟ ಹಾಕುವುದು ನಿಮ್ಮ ಕೆಲಸವಲ್ಲ.

*ಮೂತ್ರದ ಚೀಲ.* ಯಾವಾಗಲೂ ಸೊಂಟಕ್ಕಿಂತ ಕೆಳಗೆ, ಆದರೆ ನೆಲಕ್ಕೆ ತಾಗದ ಹಾಗೆ. ರೋಗಿಯನ್ನು ಎತ್ತುವಾಗ ಚೀಲವನ್ನು ಹಾಸಿಗೆಯ ಮೇಲೆ ಇಟ್ಟುಬಿಡುವುದು ಸಾಮಾನ್ಯ ತಪ್ಪು, ಹಳೆ ಮೂತ್ರ ಹಿಂದಕ್ಕೆ ಹರಿದು ಸೋಂಕಾಗುತ್ತದೆ. ಮುಕ್ಕಾಲು ತುಂಬುವ ಮೊದಲೇ ಖಾಲಿ ಮಾಡಿ. ಚೀಲಕ್ಕೆ ಏನೂ ಬಾರದೆ ಕಿಬ್ಬೊಟ್ಟೆ ಉಬ್ಬಿದರೆ, ಮೂತ್ರ ಕೆಂಪಾದರೆ, ಚಳಿಜ್ವರ ಬಂದರೆ ಕಾಯಬೇಡಿ, ನರ್ಸ್‌ಗೆ ಫೋನ್ ಮಾಡಿ. ರಾತ್ರಿಯಾಗಿದ್ದರೆ ಕೇರಳದ ಆರೋಗ್ಯ ಸಹಾಯವಾಣಿ ದಿಶಾ 1056, ತುರ್ತಿಗೆ 108. ಈ ಎರಡೂ ಸಂಖ್ಯೆ ಮಾತ್ರೆ ಚೀಟಿಯ ಪಕ್ಕದಲ್ಲೇ ಗೋಡೆಯ ಮೇಲಿರಲಿ.

ಮಳೆಗಾಲದಲ್ಲಿ ಬಟ್ಟೆ ಒಣಗಿಸಿ ಕೊಡುವುದೇ ಅರ್ಧ ಸೇವೆ. ತೇವದ ಬಟ್ಟೆಯಿಂದ ತೊಡೆಸಂದಿಯಲ್ಲಿ ಬೂಷ್ಟು ಹಿಡಿಯುತ್ತದೆ. ಇಗರ್ಜಿಯ ಸಭಾಂಗಣದಲ್ಲಿ ಫ್ಯಾನಿನಡಿ ನಾಲ್ಕು ಹಗ್ಗ ಕಟ್ಟಿದರೆ ಹತ್ತು ಮನೆಯ ಬೆಡ್‌ಶೀಟು ಒಣಗುತ್ತದೆ.

ಹಂತ 7: ಆರೈಕೆ ಮಾಡುವವರಿಗೆ ಬಿಡುವು

ಪ್ರತಿ ಮನೆಯಲ್ಲೂ ಇಬ್ಬರು ರೋಗಿಗಳು ಎಂದುಕೊಂಡೇ ಹೋಗಿ. ಎರಡನೆಯವರು ಆರೈಕೆ ಮಾಡುತ್ತಿರುವ ಮಗಳು, ಸೊಸೆ ಅಥವಾ ಎಪ್ಪತ್ತರ ಗಂಡ. ಅವರು ಬಲಿಪೂಜೆಗೆ ಬಂದು ಎಷ್ಟು ಕಾಲವಾಯಿತು, ನಿದ್ದೆ ಎಷ್ಟು, ಬೆನ್ನು ನೋವು ಹೇಗಿದೆ ಎಂದು ಕೇಳಿ. ತಿಂಗಳಿಗೆ ಒಂದು ಭೇಟಿಯನ್ನು ಎರಡೂವರೆ ಗಂಟೆಯ ಕಾವಲಿಗೆ ಮೀಸಲಿಡಿ. ನೀವಿಬ್ಬರು ರೋಗಿಯ ಹತ್ತಿರ ಕುಳಿತಿರುತ್ತೀರಿ, ಅವರು ಬ್ಯಾಂಕಿಗೋ ಪೇಟೆಗೋ ಮದುವೆಗೋ ಹೋಗಿ ಬರಲಿ, ಅಥವಾ ಪಕ್ಕದ ಕೋಣೆಯಲ್ಲಿ ಮಲಗಲಿ. "ಬಿಡುವು ಸಿಕ್ಕಿದಾಗ ಒಂದು ಜಪಸರ ಹೇಳಿ" ಎಂದು ಉಪದೇಶ ಮಾಡಬೇಡಿ, ಅವರಿಗೆ ಬೇಕಾದದ್ದು ನಿದ್ದೆ.

ಕಾವಲಿಗೆ ಕೂರುವ ಮೊದಲು ಮೂರು ವಿಷಯ ಕೇಳಿ ಬರೆದುಕೊಳ್ಳಿ: ಮುಂದಿನ ಮಾತ್ರೆ ಎಷ್ಟು ಗಂಟೆಗೆ, ಮಗ್ಗುಲು ಕೊನೆಯ ಸಲ ಬದಲಾಯಿಸಿದ್ದು ಯಾವಾಗ, ಏನಾದರೂ ಆದರೆ ಯಾರಿಗೆ ಮೊದಲು ಫೋನ್.

ಇಡೀ ಬರಹದಲ್ಲಿ ಒಂದೇ ಹಂತ ಮಾಡಲು ಸಾಧ್ಯ ಎಂದಾದರೆ ಇದನ್ನು ಮಾಡಿ. ಹಣ್ಣು, ಕಿಟ್ಟು, ಬ್ಯಾನರು ಯಾವುದೂ ಇದರ ಹತ್ತಿರ ಬರುವುದಿಲ್ಲ.

ಹಂತ 8: ಪರಮಪ್ರಸಾದ ಮತ್ತು ಅಭ್ಯಂಗ

ಪರಮಪ್ರಸಾದವನ್ನು (ಬಲಿಪೂಜೆಯಲ್ಲಿ ಪವಿತ್ರೀಕರಿಸಿದ ರೊಟ್ಟಿ) ತಂಡದ ಎಲ್ಲರೂ ಒಯ್ಯುವಂತಿಲ್ಲ. ಅದಕ್ಕೆ ಅನುಮತಿ ಪಡೆದ ಧರ್ಮಭಗಿನಿ ಅಥವಾ ಶ್ರೀಸಾಮಾನ್ಯರಿಗೆ ಮಾತ್ರ ಅವಕಾಶ. ಅನುಮತಿ ಇದ್ದವರು ಪಿಕ್ಸ್‌ನಲ್ಲಿ (ಪರಮಪ್ರಸಾದ ಇಡುವ ಸಣ್ಣ ಮುಚ್ಚಳದ ಕರಡಿಗೆ) ಇಟ್ಟುಕೊಂಡು ಇಗರ್ಜಿಯಿಂದ ನೇರ ರೋಗಿಯ ಮನೆಗೆ ಹೋಗಬೇಕು. ದಾರಿಯಲ್ಲಿ ಚಹಾ, ಮೀನು ಮಾರ್ಕೆಟ್ಟು, ಹರಟೆ ಇಲ್ಲ. ಉಳಿದದ್ದನ್ನು ಅಂದೇ ಇಗರ್ಜಿಗೆ ಮರಳಿಸಬೇಕು, ಮನೆಯ ಕಪಾಟಿನಲ್ಲಿ ಇಡಕೂಡದು.

ಮನೆಯವರಿಗೆ ಹಿಂದಿನ ದಿನ ಹೇಳಿರಿ: ಸಣ್ಣ ಮೇಜು, ಬಿಳಿ ಬಟ್ಟೆ, ಮೋಂಬತ್ತಿ, ಒಂದು ಲೋಟ ನೀರು. ಆಕ್ಸಿಜನ್ ಹಾಕಿದ ರೋಗಿ ಇದ್ದರೆ ಮೋಂಬತ್ತಿ ಬೇಡವೇ ಬೇಡ, ಬೆಂಕಿ ಹತ್ತೀತು. ಒಂದು ಗಂಟೆಯ ಉಪವಾಸದ ನಿಯಮ ವೃದ್ಧರಿಗೂ ರೋಗಿಗಳಿಗೂ ಅವರನ್ನು ನೋಡಿಕೊಳ್ಳುವವರಿಗೂ ಇಲ್ಲ (ಧರ್ಮಸಭೆಯ ಕಾನೂನು 919). ಇದು ಗೊತ್ತಿಲ್ಲದೆ ಸಕ್ಕರೆ ಕಾಯಿಲೆಯ ಅಜ್ಜಂದಿರನ್ನು ಬೆಳಗ್ಗಿನಿಂದ ಹಸಿದಿರಿಸುವವರಿದ್ದಾರೆ. ನುಂಗಲು ಕಷ್ಟವಿದ್ದರೆ ಸಣ್ಣ ಚೂರು ಕೊಟ್ಟು ಚಮಚದಲ್ಲಿ ನೀರು ಕೊಡಿ, ಕುಳ್ಳಿರಿಸಿಯೇ. ಬಾಯಿಂದ ಹೊರಬಂದರೆ ಗಾಬರಿ ಬೇಡ, ಶುದ್ಧ ನೀರಿರುವ ಪಾತ್ರೆಗೆ ಹಾಕಿ ಕರಗಲು ಬಿಟ್ಟು ಧರ್ಮಗುರುಗಳಿಗೆ ತಿಳಿಸಿ.

ರೋಗಿಗಳ ಅಭ್ಯಂಗ ಸಂಸ್ಕಾರವನ್ನು ಧರ್ಮಗುರುಗಳು ಮಾತ್ರ ಕೊಡಬಹುದು. ಯಕೋಬನ ಪತ್ರದ 5ನೇ ಅಧ್ಯಾಯದಲ್ಲಿ ಹೇಳಿದ ಎಣ್ಣೆ ಹಚ್ಚುವ ಪ್ರಾರ್ಥನೆ ಇದು. "ಪಾದ್ರಿ ಬಂದರೆ ಕತೆ ಮುಗಿಯಿತು" ಎಂಬ ಹೆದರಿಕೆಯಿಂದ ಮನೆಯವರು ಪ್ರಜ್ಞೆ ತಪ್ಪುವವರೆಗೆ ಕಾಯುತ್ತಾರೆ. ಗಂಭೀರ ಕಾಯಿಲೆ ಶುರುವಾದಾಗಲೇ, ದೊಡ್ಡ ಆಪರೇಶನ್ನಿನ ಮೊದಲೇ ಇದನ್ನು ಪಡೆಯಬಹುದು, ಕಾಯಿಲೆ ಉಲ್ಬಣಿಸಿದರೆ ಮತ್ತೆಯೂ ಪಡೆಯಬಹುದು. ರೋಗಿಗೆ ಮಾತಾಡಲು ತ್ರಾಣ ಇರುವಾಗಲೇ ಕರೆದರೆ ಪಾಪನಿವೇದನೆಯೂ ಆಗುತ್ತದೆ.

ಕಥೋಲಿಕರಲ್ಲದವರ ಮನೆಗೆ ಹೋದಾಗ ಪ್ರಾರ್ಥನೆ ಶುರು ಮಾಡಬೇಡಿ, ಪದಕ, ಪುಸ್ತಕ, ತೀರ್ಥ ಹಂಚಬೇಡಿ. ಪ್ರೀತಿಯ ಸೇವೆ ಬೇರೆ ಯಾವುದನ್ನೋ ಸಾಧಿಸುವ ಉಪಾಯ ಆಗಬಾರದು ಎಂದು 16ನೇ ಬೆನೆಡಿಕ್ಟ್ ಜಗದ್ಗುರುಗಳು 2005ರ ತಮ್ಮ ಮೊದಲ ವಿಶ್ವಪತ್ರದಲ್ಲೇ ಸ್ಪಷ್ಟವಾಗಿ ಬರೆದಿದ್ದಾರೆ. ಬ್ಯಾರಿಗಳ ಮನೆಯಲ್ಲಿ ನಮಾಜಿನ ಹೊತ್ತು ತಪ್ಪಿಸಿ ಹೋಗಿ, ಹೆಂಗಸರ ಕೋಣೆಗೆ ಹೆಂಗಸರೇ ಹೋಗಿ.

ಹಂತ 9: ಕಾಗದಪತ್ರ

ಭೇಟಿ ಹೋಗುವವರಲ್ಲಿ ಒಬ್ಬರಾದರೂ ಅಕ್ಷಯ ಕೇಂದ್ರದ (ಸರಕಾರಿ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ಮಾಡಿಕೊಡುವ ಕೇಂದ್ರ) ಕೆಲಸ ಬಲ್ಲವರಿರಲಿ. ನೋಡಬೇಕಾದವು: ಕಲ್ಯಾಣ ಪಿಂಚಣಿ ಪಡೆಯುವವರ ಮಸ್ಟರಿಂಗ್ (ಬದುಕಿದ್ದೇವೆಂದು ಬೆರಳಚ್ಚಿನಿಂದ ದೃಢಪಡಿಸುವುದು) ಆಗಿದೆಯೇ, ಹಾಸಿಗೆ ಹಿಡಿದವರಿಗೆ ಮನೆಗೇ ಬಂದು ಮಾಡುವ ವ್ಯವಸ್ಥೆಗೆ ಹೇಳಿದ್ದಾರೆಯೇ, ರೇಶನ್ ಕಾರ್ಡಿನ ಬಣ್ಣ (ಮನೆಯವರು ಯಾವ ವರ್ಗದವರೆಂದು ತೋರಿಸುವುದು) ಸರಿ ಇದೆಯೇ, ಅಂಗವಿಕಲತೆಯ ಗುರುತಿನ ಚೀಟಿ ಇದೆಯೇ. ಹಾಸಿಗೆ ಹಿಡಿದವರನ್ನು ಪೂರ್ಣಕಾಲ ನೋಡಿಕೊಳ್ಳುವವರಿಗೆ 'ಆಶ್ವಾಸಕಿರಣಂ' ಎಂಬ ಸಹಾಯಧನ ಯೋಜನೆ ಇದೆ, ಅಂಗನವಾಡಿಯಲ್ಲಿ ವಿಚಾರಿಸಿ. ಆದರೆ ಯಾವ ಯೋಜನೆಯ ಹಣವೂ ತಿಂಗಳು ತಪ್ಪದೆ ಬರುತ್ತದೆಂದು ನೀವು ಭರವಸೆ ಕೊಡಬೇಡಿ. ಎಂಡೋಸಲ್ಫಾನ್ ಪೀಡಿತರಿಗೆ 5 ಲಕ್ಷ ರೂಪಾಯಿ ಕೊಡಲು ಸುಪ್ರೀಂ ಕೋರ್ಟು 2017ರ ಜನವರಿ 10ರಂದು ಆದೇಶ ಮಾಡಿದೆ, ಆದರೆ ಅದು ಸರಕಾರಿ ಪಟ್ಟಿಯಲ್ಲಿ ಹೆಸರಿರುವವರಿಗೆ. ಹೆಸರು ಸೇರಿಸಿಕೊಡುತ್ತೇವೆ ಎಂಬ ಮಾತು ನಿಮ್ಮ ಬಾಯಿಂದ ಬರಬಾರದು.

ಅರ್ಜಿಯನ್ನು ಕನ್ನಡದಲ್ಲೇ ಕೊಡಬಹುದು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡ ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಸರಕಾರಿ ಕಚೇರಿಗಳ ಜೊತೆ ಕನ್ನಡದಲ್ಲಿ ವ್ಯವಹರಿಸಲು, ಕನ್ನಡದಲ್ಲೇ ಉತ್ತರ ಪಡೆಯಲು ಅವಕಾಶ ಇದೆ. ಕೌಂಟರಿನಲ್ಲಿ "ಮಲಯಾಳದಲ್ಲಿ ಬರೆದು ತನ್ನಿ" ಎಂದರೆ ಜಗಳಕ್ಕೆ ನಿಲ್ಲದೆ ಕಾಯ್ದೆಯ ಹೆಸರು ಹೇಳಿ. ರೋಗಿಯ ಕೆಲಸ ತುರ್ತಾಗಿದ್ದರೆ ಮಲಯಾಳದಲ್ಲೇ ಬರೆದುಕೊಟ್ಟು ಬನ್ನಿ, ಭಾಷೆಯ ಹೋರಾಟಕ್ಕೆ ಹಾಸಿಗೆಯಲ್ಲಿರುವವರನ್ನು ಒಡ್ಡಬೇಡಿ.

ಹಂತ 10: ಹಣ

ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯಲ್ಲಿ ಗುಪ್ತ ಸಂಗ್ರಹದ ಪದ್ಧತಿ ಇದೆ: ಸಭೆಯ ಕೊನೆಗೆ ಚೀಲ ಸುತ್ತುತ್ತದೆ, ಯಾರು ಎಷ್ಟು ಹಾಕಿದರೆಂದು ಯಾರಿಗೂ ಕಾಣದು. ಇದನ್ನೇ ಅನುಸರಿಸಿ. ದಾನಿಯ ಹೆಸರನ್ನು ಗಾಲಿಕುರ್ಚಿಯಲ್ಲಿ ಕೂತವರ ಬೆನ್ನ ಹಿಂದೆ ಅಂಟಿಸಿ ಕಳಿಸುವುದು ಚೆನ್ನಾಗಿ ಕಾಣುವುದಿಲ್ಲ.

ರೋಗಿಯ ಕೈಗೆ ನಗದು ಕೊಡುವ ಬದಲು ಮೆಡಿಕಲ್ ಅಂಗಡಿಗೆ ಬಿಲ್ಲು ಕಟ್ಟಿ. ಪ್ರತಿ ಖರ್ಚಿಗೆ ಇಬ್ಬರ ಸಹಿ, ರಶೀದಿ ಅಂಟಿಸಿದ ಪುಸ್ತಕ, ಮೂರು ತಿಂಗಳಿಗೊಮ್ಮೆ ಪಾಲನಾ ಮಂಡಳಿಗೆ ಲೆಕ್ಕ. ಲೆಕ್ಕದಲ್ಲಿ ಮನೆಯ ಹೆಸರಿನ ಬದಲು ಸಂಖ್ಯೆ ಬರೆಯಿರಿ. ಗಲ್ಫಿನಿಂದ ಹಣ ಕಳಿಸುವವರು ಭಾರತದ ಪಾಸ್‌ಪೋರ್ಟ್ ಇರುವವರಾಗಿದ್ದು ತಮ್ಮ ಸಂಪಾದನೆಯನ್ನು ಬ್ಯಾಂಕಿನ ಮೂಲಕ ಕಳಿಸಿದರೆ ತೊಡಕಿಲ್ಲ. ವಿದೇಶಿ ಪೌರತ್ವ ಪಡೆದ ನೆಂಟರು, ಓಸಿಐ ಕಾರ್ಡಿನವರು (ಭಾರತ ಮೂಲದ ವಿದೇಶಿ ಪೌರರು) ಸೇರಿದಂತೆ, ಕಳಿಸಿದರೆ ಅದು ವಿದೇಶಿ ದೇಣಿಗೆ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ನೋಂದಣಿ ಇಲ್ಲದ ಸಂಘದ ಖಾತೆಗೆ ಹಾಕಿಸಿಕೊಳ್ಳಲೇಬಾರದು.

ಹಂತ 11: ಮರಣದ ನಂತರ

ಶವಸಂಸ್ಕಾರಕ್ಕೆ ಊರೇ ಬರುತ್ತದೆ, ಏಳನೇ ದಿನದ ಪೂಜೆಗೂ ಬರುತ್ತದೆ. ಆಮೇಲಿನ ವಾರ ಯಾರೂ ಇರುವುದಿಲ್ಲ. ನಿಮ್ಮ ಜೋಡಿ ಮಾಮೂಲು ದಿನದಂದೇ ಆ ಮನೆಗೆ ಹೋಗಲಿ, ತಿಂಗಳ ಪೂಜೆ ಕಳೆದ ಮೇಲೂ ಎರಡು ಮೂರು ಸಲ ಹೋಗಲಿ. ಏರ್‌ಬೆಡ್, ಗಾಲಿಕುರ್ಚಿ ವಾಪಸು ಕೇಳುವುದಕ್ಕೆಂದೇ ಹೋಗಬೇಡಿ. ಹೆಚ್ಚಿನವರು ತಾವೇ ಹೇಳುತ್ತಾರೆ. ತಂದ ಮೇಲೆ ಸೋಪಿನ ನೀರಿನಲ್ಲಿ ಒರೆಸಿ, ಒಂದು ಲೀಟರ್ ನೀರಿಗೆ ಮೂರು ಚಮಚ ಬ್ಲೀಚಿಂಗ್ ಪೌಡರು ಕಲಸಿ ತಿಳಿಯಾದ ನೀರಿನಿಂದ ಮತ್ತೆ ಒರೆಸಿ, ಹತ್ತು ನಿಮಿಷ ಬಿಟ್ಟು ಶುದ್ಧ ನೀರಿನಿಂದ ಒರೆಸಿ ಒಣಗಿಸಿ. ಬ್ಲೀಚಿಂಗ್ ಜೊತೆ ಹಾರ್ಪಿಕ್ ಬೆರೆಸಬೇಡಿ, ವಿಷಗಾಳಿ ಏಳುತ್ತದೆ.

ಉಳಿದ ಮಾತ್ರೆ, ಮುಖ್ಯವಾಗಿ ಮಾರ್ಫಿನ್ (ತೀವ್ರ ನೋವಿಗೆ ಕೊಡುವ ಔಷಧಿ), ನರ್ಸ್ ಕೈಗೇ ಮರಳಿಸಬೇಕು, ಇನ್ನೊಬ್ಬ ರೋಗಿಗೆ ದಾಟಿಸಬಾರದು. ಮರಣವನ್ನು ಪಂಚಾಯತಿನಲ್ಲಿ 21 ದಿನದೊಳಗೆ ನೋಂದಾಯಿಸಿದರೆ ಶುಲ್ಕ ಇಲ್ಲ. ಪಿಂಚಣಿ ನಿಲ್ಲಿಸಲು ಕೂಡ ಆಗಲೇ ತಿಳಿಸಿ, ಮರಣದ ನಂತರ ಖಾತೆಗೆ ಬಿದ್ದ ಹಣವನ್ನು ಆಮೇಲೆ ವಾಪಸು ಕೇಳುತ್ತಾರೆ. ಆರೈಕೆ ಮಾಡಿದ ಮಗಳು "ನಾನೂ ನಿಮ್ಮ ತಂಡಕ್ಕೆ ಬರುತ್ತೇನೆ" ಎಂದರೆ ಸಂತೋಷ ಪಡಿ, ಆದರೆ ಒಂದು ವರ್ಷ ಬಿಟ್ಟು ಬರಲು ಹೇಳಿ. ಅಲ್ಲಿಯವರೆಗೆ ಬೇಕಾದರೆ ಬಟ್ಟೆ ಒಣಗಿಸುವ ಹಗ್ಗದ ಉಸ್ತುವಾರಿ ಕೊಡಿ.